ಬಾವಂಚಿ ಹಚ್ಚಿದ ಕೈ

ಬಾಣಂತಿ ಮಗಳ ಲೇಹ್ಯಕ್ಕೆಂದು ಹಿಪ್ಪಲಿ, ಒಣಶುಂಠಿ ತರಲು ಈಚೆಗೆ ಶ್ರೀರಂಗಪಟ್ಟಣದ ಗ್ರಂಧಿಗೆ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಪಕ್ಕದ ಗಿರಾಕಿಗಾಗಿ ಒಂದು ಡಬ್ಬದ ಮುಚ್ಚಳ ತೆಗೆದರು. ಕಹಿಯೂ ಘಾಟೂ ಬೆರೆತ ವಾಸನೆ ಬಂತು. ಒಳಗಿದ್ದದ್ದು ಬಾವಂಚಿ, ಕಪ್ಪಗಿನ ಸಣ್ಣ ಬೀಜ. ನೋಡುತ್ತಿದ್ದಂತೆ ನನಗೆ ಜಯಮ್ಮ ಚಿಕ್ಕಮ್ಮನ ಬೊಬ್ಬೆ ಎದ್ದ ಕೈಗಳು ನೆನಪಾದವು.

ನಾನು ನಾಟಿ ಔಷಧವನ್ನು ಹೀಗಳೆಯುವವಳಲ್ಲ. ಮನೆಯಲ್ಲಿ ಯಾರು ಕೆಮ್ಮಿದರೂ ಕಷಾಯದ ಪಾತ್ರೆಯನ್ನು ಒಲೆಗೇರಿಸುತ್ತೇನೆ. ನನ್ನ ಕಷಾಯಕ್ಕೆ ಹೆದರಿಯೇ ಕೆಮ್ಮು ಓಡಿಹೋಗುತ್ತದೆ ಎಂದು ನಮ್ಮ ಯಜಮಾನರು ಹೇಳುವುದುಂಟು. ಹಾಗಾಗಿ ಈಗ ಹೇಳಹೊರಟಿರುವುದನ್ನು ಗಿಡಮೂಲಿಕೆಯ ಮೇಲಿನ ದೂರು ಎಂದು ನೀವು ತಿಳಿಯಬಾರದು.

ಚಿಕ್ಕಮ್ಮ ನನ್ನ ತಾಯಿಯ ಕೊನೆಯ ತಂಗಿ. ಕ್ಯಾತನಹಳ್ಳಿಗೆ ಕೊಟ್ಟಿದ್ದು. ಕಬ್ಬಿನ ಗದ್ದೆ, ಹಾಲು ಕರೆಯುವ ಹಸುಗಳು, ದೊಡ್ಡ ಗಂಟಲು. ನೆಂಟರಲ್ಲಿ ಯಾರ ಮನೆಯ ಊಟವಾದರೂ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬಡಿಸಲು ನಿಲ್ಲುವವಳು ಅವಳೇ. ನಲವತ್ತು ದಾಟಿದ ಮೇಲೆ ಅವಳ ತುಟಿಯ ಸುತ್ತ ಬಿಳಿ ಮಚ್ಚೆಗಳು ಕಾಣಿಸಿಕೊಂಡವು. ಆಮೇಲೆ ಬೆರಳುಗಳಿಗೂ ಬಂದವು. ಊರಿನ ಬಾಯಲ್ಲಿ ಅದು ತೊನ್ನು. ಅಂಟುವ ರೋಗವಲ್ಲ ಎಂದು ನಾವು ಹೇಳಿದಾಗ ಎಲ್ಲರೂ ತಲೆಯಾಡಿಸುತ್ತಿದ್ದರು, ಅಷ್ಟೆ. ಹೊಸಹೊಳಲಿನಲ್ಲಿ ನೆಂಟರ ಮದುವೆಯಾದಾಗ ಒಬ್ಬಾಕೆ ಅವಳ ಕೈಯಿಂದ ಪಾಯಸದ ಬಕೆಟ್ಟನ್ನು ಮೆಲ್ಲಗೆ ತೆಗೆದುಕೊಂಡು, "ನೀನ್ ಕೂತ್ಕೊ ಅಕ್ಕ, ದಣ್ದಿದ್ದೀಯ" ಅಂದಳು. ಚಿಕ್ಕಮ್ಮ ಅಂದು ದಣಿಯುವಂಥದ್ದೇನನ್ನೂ ಮಾಡಿರಲಿಲ್ಲ. ಆಮೇಲೆ ಅವಳು ಪಂಕ್ತಿಯ ಹತ್ತಿರ ಸುಳಿಯಲಿಲ್ಲ.

ಮೈಸೂರಿನ ಆಸ್ಪತ್ರೆಯೊಂದರಲ್ಲಿ ಬೆಳಕಿನ ಚಿಕಿತ್ಸೆ ಶುರುವಾಯಿತು. ಜೊತೆಗೆ ಹೋಗುತ್ತಿದ್ದವಳು ನಾನು. ಬೀರುವಿನಂಥ ಪೆಟ್ಟಿಗೆ, ಒಳಗೆಲ್ಲ ಉದ್ದುದ್ದ ಟ್ಯೂಬ್‌ಲೈಟು. ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಸ್ವಲ್ಪ ಹೊತ್ತು ಒಳಗೆ ನಿಲ್ಲಬೇಕು. "ಸೀರೆ ಜೊತೆ ನನ್ನೂ ಮಡಿಸಿ ಇಟ್ಬುಟ್ಟಂಗಾಯ್ತದೆ ಕಣವ್ವ" ಎಂದು ಚಿಕ್ಕಮ್ಮ ನಗುತ್ತಿದ್ದಳು. ಗುಣ ಕಾಣಲು ತಿಂಗಳುಗಟ್ಟಲೆ ಬೇಕು ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಚಿಕ್ಕಮ್ಮನಿಗೆ ಅಷ್ಟು ತಾಳ್ಮೆ ಇರಲಿಲ್ಲ. ಅಷ್ಟರಲ್ಲಿ ನಾಗಮಂಗಲದಲ್ಲಿದ್ದ ಅವಳ ನಾದಿನಿ, ತೊನ್ನಿಗೆ ಒಳ್ಳೆಯದೆಂದು ಪ್ರೀತಿಯಿಂದಲೇ ಒಂದು ಸೀಸೆ ಬಾವಂಚಿ ಎಣ್ಣೆ ತಂದುಕೊಟ್ಟಳು. ಚಿಕ್ಕಮ್ಮ ಯಾರಿಗೂ ಹೇಳದೆ ಅದನ್ನು ಹಚ್ಚಿಕೊಂಡೇ ಬೆಳಕಿಗೆ ನಿಂತಳು.

ಮಾರನೆಯ ದಿನವೇ ಕೈ, ಮುಖ ಕೆಂಪಾಗಿ ಉರಿಯತೊಡಗಿದವು. ಅದರ ಮಾರನೆಯ ದಿನಕ್ಕೆ ನೀರುಗುಳ್ಳೆಗಳು. ಚಿಕ್ಕಪ್ಪ ಫೋನು ಮಾಡಿದರು. ಬಾಡಿಗೆ ಕಾರಿನಲ್ಲಿ ಅವಳನ್ನು ಕರೆದುಕೊಂಡು ಹೋದೆ.

ಡಾಕ್ಟರಮ್ಮ ನೋಡಿ ಗಾಬರಿಯಾದರು. "ಏನಾದ್ರೂ ಹಚ್ಚಿದ್ರಾ?"

"ಇಲ್ಲ ಮೇಡಂ. ಕೊಬ್ರಿ ಎಣ್ಣೆ ಅಷ್ಟೆ."

ಆಗ ಅವರು ಯಂತ್ರ ನೋಡಿಕೊಳ್ಳುವ ಹುಡುಗಿಯತ್ತ ತಿರುಗಿದರು. ಹೊಸದಾಗಿ ಸೇರಿದವಳು. "ಟೈಮ್ ನೋಡಿ ಇಟ್ಯಾ?"

"ಸರಿಯಾಗೇ ಇಟ್ಟಿದ್ದೆ ಮೇಡಂ."

"ಸರಿಯಾಗಿಟ್ಟಿದ್ರೆ ಹೀಗೆ ಸುಡುತ್ತಾ? ಇನ್ಮೇಲೆ ನೀನು ಮಿಷನ್ ಮುಟ್ಟಬೇಡ."

ಹುಡುಗಿಯ ಕಣ್ಣು ತುಂಬಿತು. ಚಿಕ್ಕಮ್ಮ ಕುರ್ಚಿಯಿಂದ ಎದ್ದು ನಿಂತಳು.

"ಆ ಮಗೀಗೆ ಏನೂ ಅನ್ಬ್ಯಾಡಿ ಮೇಡಂ. ಅದ್ರುದ್ದೇನೂ ತಪ್ಪಿಲ್ಲ. ನಾನೇ ಬಾವಂಚಿ ಎಣ್ಣೆ ಹಚ್ಕಂಡು ಬಂದಿದ್ದೆ. ಬಿರ್ನೆ ವಾಸಿ ಆಗ್ಲಿ ಅಂತ. ಗಿಡದ ಬೀಜ ಏನ್ ಮಾಡೀತು ಅನ್ಕಂಡೆ."

ಡಾಕ್ಟರಮ್ಮ ಮೊದಲು ಆ ಹುಡುಗಿಗೆ "ಸಾರಿ ಕಣಮ್ಮ" ಅಂದರು. ಆಮೇಲೆ ಚಿಕ್ಕಮ್ಮನಿಗೆ ಹೇಳಿದರು. "ಬಾವಂಚಿ ಸುಳ್ಳು ಔಷಧಿ ಅಲ್ಲಮ್ಮ. ನಾವು ಕೊಡೋ ಕೆಲವು ಔಷಧಿಗಳಲ್ಲೂ ಅದೇ ಗುಣ ಇದೆ. ಆದ್ರೆ ಅದನ್ನ ಹಚ್ಚಿದ ಚರ್ಮ ಬೆಳಕು ತಡೆಯೋದಿಲ್ಲ. ಬಿಸಿಲಲ್ಲಿ ಗದ್ದೆಗೆ ಹೋಗಿದ್ರೂ ಹೀಗೇ ಆಗಬಹುದಿತ್ತು. ನೀವು ಒಂದು ಮಾತು ಹೇಳಿದ್ರೆ ನಾನು ಬೆಳಕು ಕೊಡ್ತಾನೇ ಇರಲಿಲ್ಲ."

ಕಷಾಯ ಕಾಯಿಸುವ ನಾನೂ ತೆಪ್ಪಗೆ ಕೂತು ಕೇಳಿಸಿಕೊಂಡೆ.

ಗಾಯ ಒಣಗುವವರೆಗೆ ಹಸು ಕರೆಯುವ ಕೆಲಸ ಚಿಕ್ಕಪ್ಪನ ಪಾಲಿಗೆ ಬಂತು, ಒದೆಯೂ ಬಿತ್ತು. ಆ ಎಣ್ಣೆ ನಿಂತಿತು. ಚರ್ಮ ಪೂರ್ತಿ ವಾಸಿಯಾದ ಮೇಲೆ ಕಡಿಮೆ ಬೆಳಕಿನಿಂದ ಮತ್ತೆ ಚಿಕಿತ್ಸೆ ಶುರುವಾಯಿತು. ಮುಖದ ಬಿಳುಪಿನ ನಡುವೆ ರಾಗಿ ಕಾಳಿನಷ್ಟು ಕಂದು ಚುಕ್ಕೆಗಳು ಮೂಡಿ, ನಿಧಾನಕ್ಕೆ ಒಂದಕ್ಕೊಂದು ಕೂಡಿಕೊಂಡವು. ಬೆರಳುಗಳು ಮಾತ್ರ ಬಿಳಿಯಾಗಿಯೇ ಉಳಿದವು. ಬೆರಳ ತುದಿಗೆ ಬಣ್ಣ ಮರಳುವುದು ಕಷ್ಟ ಎಂದು ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದರು. ಅಂದು ಹಿಂತಿರುಗುವಾಗ ಬಸ್ಸಿನಲ್ಲಿ ಚಿಕ್ಕಮ್ಮ ಬಹಳ ಹೊತ್ತು ಕೈಗಳನ್ನೇ ನೋಡಿಕೊಳ್ಳುತ್ತಿದ್ದಳು. ಪಾಂಡವಪುರ ಹತ್ತಿರ ಬಂದಾಗ, "ಮೊಕ ಬಂತಲ್ಲ, ಬುಡು. ಕೆಲ್ಸ ಮಾಡೋ ಕೈಗೆ ಬಣ್ಣ ಯಾಕವ್ವ?" ಅಂದಳು.

ಹೋದ ಭಾನುವಾರ ನಮ್ಮ ಮನೆಯಲ್ಲಿ ಮೊಮ್ಮಗುವಿನ ನಾಮಕರಣ. ಎಲೆ ಹಾಕುತ್ತಿದ್ದಂತೆ ಚಿಕ್ಕಮ್ಮ ಯಾರನ್ನೂ ಕೇಳದೆ ಪಾಯಸದ ಬಕೆಟ್ಟು ಎತ್ತಿಕೊಂಡಳು. ಸಾಲಿನ ನಡುವೆ ಕೂತಿದ್ದ ಒಬ್ಬ ಹೆಂಗಸು ಆ ಬೆರಳುಗಳನ್ನು ನೋಡಿ ಎಲೆಗೆ ಕೈ ಅಡ್ಡ ಹಿಡಿದಳು.

"ಬ್ಯಾಡ್ವಾ? ಸರಿ ಬುಡವ್ವ" ಎಂದು ಚಿಕ್ಕಮ್ಮ ಮುಂದಿನ ಎಲೆಗೆ ಹೋದಳು. ದನಿಯಲ್ಲಿ ಒಂದಿಷ್ಟೂ ಏರುಪೇರಿಲ್ಲ. ಸಾಲಿನ ಕೊನೆ ಮುಟ್ಟಿ ಅವಳು ಹಿಂತಿರುಗಿ ಬರುವಾಗ ಆ ಹೆಂಗಸು ಎಲೆಯ ಮೇಲಿನ ಕೈ ತೆಗೆದು, ತಲೆ ತಗ್ಗಿಸಿ ಕೂತಿದ್ದಳು. ಚಿಕ್ಕಮ್ಮ ನಿಂತಳು. ತುಂಬ ಒಂದು ಸೌಟು ಬಡಿಸಿ, ಗೋಡಂಬಿ ಬೀಳಲಿಲ್ಲವೆಂದು ಇನ್ನೊಂದು ಸೌಟು ಹಾಕಿದಳು.