ಮಡಿಲಲ್ಲಿ ಮುಖವಿಟ್ಟ ಹುಡುಗಿ

ಇಂದಿರಾನಗರದ ಯಮುನಾ ಮೇಡಂ ಮನೆಯಲ್ಲಿ ಅಡಿಗೆ ಮಾಡುತ್ತಿದ್ದ ಆಂಜನಮ್ಮ ಚಿತ್ರಗಳನ್ನು ನಿಂತು ನೋಡಿದವಳಲ್ಲ. ನಿವೃತ್ತ ಟೀಚರಾದ ಯಮುನಾ ಗೋಡೆ ತುಂಬ ತೂಗುಹಾಕಿದ್ದ ವಿದೇಶಿ ಚಿತ್ರಗಳು ಅವಳಿಗೆ ಧೂಳು ಕೂರುವ ಜಾಗಗಳಷ್ಟೇ. ೧೯೯೮ರ ಬೇಸಿಗೆಯಲ್ಲಿ ಹೊಸದೊಂದು ಬಂತು. ಯುರೋಪಿನ ಯಾವುದೋ ಹಳೇ ಕಾಲದ ಮನೆ, ಬಾಗಿಲಿಂದ ಒಳಬಂದ ಬಿಸಿಲು, ತಗ್ಗು ಕುರ್ಚಿಯಲ್ಲಿ ಕೂತ ಹೆಂಗಸು. ಅವಳ ಮಡಿಲಲ್ಲಿ ಮುಖ ಹುದುಗಿಸಿ ಮಂಡಿಯೂರಿದ ಹುಡುಗಿ. ಆಂಜನಮ್ಮ ಧೂಳೊರೆಸುವ ಬಟ್ಟೆ ಹಿಡಿದುಕೊಂಡೇ ನಿಂತುಬಿಟ್ಟಳು.

"ಮಗು ಏನೋ ತಪ್ಪು ಮಾಡಿ ಅಳ್ತಾ ಇದೆ ಅನ್ಸುತ್ತೆ," ಎಂದರು ಯಮುನಾ. "ನಮ್ಮಮ್ಮ ಹೀಗೆ ಮಡಿಲಿಗೆ ಬಿಡ್ತಾನೇ ಇರ್ಲಿಲ್ಲ. ಮೊದ್ಲು ಮೂಲೇಲಿ ನಿಲ್ಸೋರು."

"ಅಳ್ತಿಲ್ಲ ಮೇಡಂ, ಹೇನು ನೋಡ್ತಾವ್ರೆ. ಆಯಮ್ಮನ ಕೈ ನೋಡಿ."

ಯಮುನಾ ಕನ್ನಡಕ ಹಾಕಿಕೊಂಡು ನೋಡಿ ನಕ್ಕರು. "ಇರ್ಬಹುದು. ಆದ್ರೂ ನಂಗೆ ಅಳೋ ಹಾಗೇ ಕಾಣ್ಸುತ್ತೆ."

ಆಂಜನಮ್ಮನಿಗೆ ನಗು ಬರಲಿಲ್ಲ. ಅವಳು ಚಿಕ್ಕವಳಿದ್ದಾಗಲೇ ತಾಯಿ ತೀರಿಕೊಂಡು, ಅಪ್ಪ ಸಾಬಮ್ಮನನ್ನು ಮದುವೆಯಾಗಿದ್ದ. ಆ ಚಿಕ್ಕಮ್ಮ ಹೊಡೆದವಳಲ್ಲ, ಮುದ್ದಿಸಿದವಳೂ ಅಲ್ಲ. ಮೈಮುಟ್ಟುತ್ತಿದ್ದುದು ಹೇನು ತೆಗೆಯುವಾಗ ಮಾತ್ರ. ಆ ಹೊತ್ತು ಮುಗಿಯದಿರಲಿ ಎಂದು ಹುಡುಗಿ ಅಲುಗಾಡದೆ ಕೂರುತ್ತಿದ್ದಳು. ಅಪ್ಪ ಹೋದ ಮೇಲೆ, ಕೆ.ಆರ್. ಪುರದ ಆ ಮನೆಯಲ್ಲಿ ತನ್ನವರು ಯಾರಿದ್ದಾರೆ ಎಂದುಕೊಂಡು ಅತ್ತ ಸುಳಿದೇ ಇರಲಿಲ್ಲ.

ಆ ಭಾನುವಾರ ಬಸ್ಸು ಹತ್ತಿದಳು. ಸಾಬಮ್ಮ ಬಾಗಿಲಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಕಣ್ಣಿಗೆ ಪೊರೆ ಬಂದಿತ್ತು. ದನಿಯಿಂದಲೇ ಗುರುತು ಹಿಡಿದಳು. ಆಂಜನಮ್ಮ ಚಿತ್ರದ ವಿಷಯ ಹೇಳಿದಳು. ಹೇಳುತ್ತ ಹೇಳುತ್ತ ಕೇಳಿಯೂಬಿಟ್ಟಳು.

"ನನ್ ಮೇಲೆ ಅಕ್ಕರೆ ಇತ್ತಾ ಚಿಕ್ಕಮ್ಮ, ಆಗ?"

"ಅದೆಲ್ಲ ನಂಗೇನು ಗೊತ್ತು?" ಸಾಬಮ್ಮ ಕೈಕೆಲಸ ನಿಲ್ಲಿಸಲಿಲ್ಲ. "ಕತ್ಲೆ ಅಂದ್ರೆ ನಿಂಗೆ ಭಯ. ನನ್ ಕತ್ತು ತಬ್ಕೊಂಡೇ ಮಲಗ್ತಿದ್ದೆ. ನಿನ್ ತಲೆ ಹೇನು ನನ್ ತಲೆಗೂ ಹತ್ಕೊಂಡ್ರೆ ಇಬ್ರಿಗೂ ನಿದ್ದೆ ಎಲ್ಲಿ ಬರುತ್ತೆ?"

ತಬ್ಬಿಕೊಂಡು ಮಲಗುತ್ತಿದ್ದುದು ಆಂಜನಮ್ಮನಿಗೆ ಪೂರ್ತಿ ಮರೆತೇಹೋಗಿತ್ತು. ಅವಳು ಹುಣಸೆಯ ರಾಶಿಯನ್ನು ತನ್ನ ಕಡೆಗೆ ಎಳೆದುಕೊಂಡು ಬಿಡಿಸತೊಡಗಿದಳು.

ಮಳೆಗಾಲ ಶುರುವಾಗುವ ಮೊದಲು ಚಿಕ್ಕಮ್ಮನ ಕಣ್ಣಿಗೆ ಆಪರೇಷನ್ ಮಾಡಿಸಿ, ಹೊಸ ತಿಪ್ಪಸಂದ್ರದ ತನ್ನ ಒಂದೇ ಕೋಣೆಯ ಮನೆಗೆ ಕರೆತಂದಳು. ಕಣ್ಣು ವಾಸಿಯಾಗುವ ತನಕ ಇರಲಿ ಎಂದೇ ಮಾತಾಗಿತ್ತು. ಆಮೇಲೂ ಸಾಬಮ್ಮ ಹೊರಡುತ್ತೇನೆ ಎನ್ನಲಿಲ್ಲ, ಇವಳೂ ಕೇಳಲಿಲ್ಲ. ಸಂಜೆ ಮಾರ್ಕೆಟ್ ರಸ್ತೆಗೆ ಹೋಗಿ ಸೊಪ್ಪಿನವರ ಜೊತೆ ಚೌಕಾಸಿ ಮಾಡುವುದು ಸಾಬಮ್ಮನ ಕೆಲಸವಾಯಿತು.