ಬೇವಿನ ಮರವಿದ್ದ ಕೋಟೆ

ನಾನು ನಿಂತಿದ್ದದ್ದು ಅಡುಗೆಮನೆಯ ಬಾಗಿಲಲ್ಲಿ, ಚಹಾದ ತಟ್ಟೆ ಹಿಡಿದುಕೊಂಡು. ಮಲ್ಕಾಜ್‌ಗಿರಿಯ ಬಾಡಿಗೆ ಮನೆ, ಭಾನುವಾರ, ಊಟ ಮುಗಿದ ಮೇಲಿನ ಹೊತ್ತು. ಹೈದರಾಬಾದಿನಲ್ಲಿ ಕಂಡಕಂಡಲ್ಲಿ ಸಾಫ್ಟ್‌ವೇರ್ ಕಂಪನಿಗಳು ಏಳುತ್ತಿದ್ದ ಕಾಲ. ಅಲ್ಲಿಂದ ನನಗೆ ಚಾಪೆಯ ಮೇಲೆ ಕೂತ ಒಬ್ಬರ ಬೆನ್ನು, ಇನ್ನೊಬ್ಬನ ಮುಖ ಕಾಣುತ್ತಿತ್ತು.

ಮುಖ ಕಾಣುತ್ತಿದ್ದವನು ನನ್ನ ಜೊತೆ ಮನೆ ಹಂಚಿಕೊಂಡಿದ್ದ ರಾಯಚೂರು ಕಡೆಯ ಗೆಳೆಯ. ಬೆನ್ನು ಕಾಣುತ್ತಿದ್ದವರು ಮೈಸೂರಿನವರು, ನಮಗಿಂತ ಹಿರಿಯರು. ಮೂವರದೂ ಒಂದೇ ಕಂಪನಿ. ಹೊಸದಾಗಿ ಸೇರಿದವರು ಹಿಂದೆ ನಿಜಕ್ಕೂ ಎಲ್ಲಿ ದುಡಿದಿದ್ದರು ಎಂದು ವಿಚಾರಿಸುವುದು ಅಲ್ಲಿ ಈ ಹಿರಿಯರ ಕೆಲಸ. ಭಾನುವಾರ ಮಾತ್ರ ದಾಳದ ಆಟ ಆಡಿಸುತ್ತಿದ್ದರು. ಆಡುವವನು ಒಂದು ಪಾತ್ರ ಕಟ್ಟಿಕೊಳ್ಳಬೇಕು: ಯೋಧ, ಮಂತ್ರವಾದಿ, ಕಳ್ಳ, ಯಾರಾದರೂ ಸರಿ. ಆಮೇಲೆ ಆ ಪಾತ್ರವಾಗಿಯೇ ಮಾತಾಡಬೇಕು. ಕಥೆ ನಡೆಸುವವರು ಹಿರಿಯರು. ಹೊಸ ಪಾತ್ರ ಮೊದಲನೇ ಹಂತದಿಂದ ಶುರು, ಪಳಗಿದ ಪಾತ್ರಕ್ಕೆ ಮೇಲಿನ ಹಂತ.

ಗೆಳೆಯ ಕೆಲಸಕ್ಕೆ ಸೇರಿ ಬಹಳ ದಿನವಾಗಿರಲಿಲ್ಲ. ಅವನು ಹೇಳಿಕೊಂಡಿದ್ದ ಹಳೆಯ ಅನುಭವ ಸುಳ್ಳು. ಕೋಚಿಂಗ್ ಸೆಂಟರ್‌ಗಳು ತುಂಬಿದ್ದ ಅಮೀರ್‌ಪೇಟೆಯಲ್ಲಿ ಅಂಥ ಸುಳ್ಳು ಕಲಿಸಿಕೊಡುವವರಿದ್ದರು. ಹಳೆಯ ಆಫೀಸು ಹೇಗಿತ್ತೆಂದು ಕೇಳಿದರೆ ಕಿಟಕಿಯಿಂದ ಏನು ಕಾಣುತ್ತಿತ್ತೆಂದು ಹೇಳು, ಮ್ಯಾನೇಜರ್ ಮೇಲೆ ಒಂದು ಸಣ್ಣ ದೂರು ಹೇಳು, ನಂಬುತ್ತಾರೆ. ಇದು ಅವರ ಪಾಠ. ಇದೇ ಹಾಲ್‌ನಲ್ಲಿ ಅವನು ಅದನ್ನು ಉರು ಹೊಡೆಯುವುದನ್ನು ನಾನು ಕೇಳಿದ್ದೆ. ಸಿಕ್ಕಿಬಿದ್ದರೆ ಕೆಲಸ ಹೋಗುತ್ತಿತ್ತು, ಬೇರೆ ಕಂಪನಿಯ ಬಾಗಿಲೂ ಮುಚ್ಚುತ್ತಿತ್ತು.

ಹಿಂದಿನ ವಾರ ಹಿರಿಯರು ಅವನನ್ನು ಆಫೀಸಿನಲ್ಲಿ ಕೂರಿಸಿ ವಿಚಾರಿಸಿದ್ದರು. ಅವನು ಪಾಠ ಒಪ್ಪಿಸಿದ್ದ. ಅದಾದ ಮೇಲೆಯೇ ಅವರು ನನಗೆ, "ನಿನ್ನ ಗೆಳೆಯನನ್ನೂ ಆಟಕ್ಕೆ ಸೇರಿಸು" ಎಂದದ್ದು. ಇದು ಬರೀ ಆಟಕ್ಕಲ್ಲ ಎಂದು ನನಗೆ ಆಗಲೇ ಅನುಮಾನ.

"ನನ್ನ ಯೋಧ ಮೂರನೇ ಹಂತದಾಂವ ರೀ ಸರ್, ಹೊಸಬ ಅಲ್ಲ" ಎಂದ ಗೆಳೆಯ.

"ಹಾಗಾದ್ರೆ ಮೊದಲು ಎಲ್ಲಿದ್ದ?"

"ಒಂದು ಕೋಟ್ಯಾಗ."

"ಹೇಗಿತ್ತು ಕೋಟೆ?"

ಅವನು ಒಮ್ಮೆ ಸೂರು ನೋಡಿದ. ಉರು ಹೊಡೆಯುವಾಗಲೂ ಹಾಗೇ ನೋಡುತ್ತಿದ್ದ.

"ಕಿಟಕ್ಯಾಗ ನಿಂತ್ರ ಬೇವಿನ ಮರ ಕಾಣತಿತ್ರಿ. ಅದರ ಹಿಂದ ಒಂದು ಒಡೆದ ನೀರಿನ ಟಾಕಿ. ನಮ್ಮ ದಳಪತಿ ಭಾಳ ಶಾಣ್ಯಾ, ಆದ್ರ ಮಧ್ಯಾಹ್ನ ಆದಮ್ಯಾಲ ಯಾರ ಕೈಗೂ ಸಿಗತಿದ್ದಿಲ್ಲ."

ಉರು ಹೊಡೆದು ಆಫೀಸಿನಲ್ಲಿ ಒಪ್ಪಿಸಿದ್ದ ಅದೇ ಮರ, ಅದೇ ಟಾಕಿ. ಮ್ಯಾನೇಜರ್ ದಳಪತಿಯಾಗಿದ್ದ, ಅಷ್ಟೇ. ಪಾತ್ರದ ವಿವರ ಬರೆದುಕೊಳ್ಳುತ್ತಿದ್ದ ಹಿರಿಯರ ಪೆನ್ಸಿಲ್ ನಿಂತಿತು. ಅವರ ಮುಖ ನಾನು ನೋಡಲಿಲ್ಲ. ನೋಡಿದ್ದು ಆ ಕೈ ಮಾತ್ರ.

"ನಿನ್ನ ಜೊತೆ ಅಲ್ಲಿದ್ದವರು ಯಾರಾದ್ರೂ ಈಗ ಸಿಗ್ತಾರಾ?"

ತಾನು ಏನು ಹೇಳಿಬಿಟ್ಟೆನೆಂದು ಗೆಳೆಯನಿಗೆ ಆಗ ಹೊಳೆದಿರಬೇಕು. "ಎಲ್ಲಾರೂ ಯುದ್ಧದಾಗ ಸತ್ತಾರ್ರಿ" ಎಂದ ಮೆಲ್ಲಗೆ.

ಮಿರ್ಚಿ ಭಜಿ ತಂದಿದ್ದ ಮನೆಯೊಡತಿ, ಬೀದರ ಕಡೆಯವರು, ಹೊಸ್ತಿಲಲ್ಲೇ ನಿಂತು ನಕ್ಕರು. "ಏನ್ರಿ ಇದು, ವರ ನೋಡಾಕ ಬಂದವರಂಗ ಕೇಳಾಕತ್ತೀರಿ? ಬಿಡ್ರಿ, ಹುಡುಗ ಪರೇಶಾನ್ ಆಗ್ಯಾನ."

ಹಿರಿಯರು ಪೆನ್ಸಿಲ್ ಕೆಳಗಿಟ್ಟರು. "ಸಾಕ್ಷಿ ಇಲ್ಲದವನನ್ನ ಮೂರನೇ ಹಂತಕ್ಕೆ ತಗೊಳ್ಳೋಕಾಗಲ್ಲಪ್ಪ. ಮೊದಲನೇ ಹಂತದಿಂದ ಶುರು ಮಾಡು. ನಾನು ಇಳಿಸೋ ಮುಂಚೆ ನೀನೇ ಇಳಿದ್ರೆ ಒಳ್ಳೇದು."

ಧ್ವನಿ ಎಂದಿನಂತೆಯೇ ಇತ್ತು. ನಾನು ಹೋಗಿ ಚಹಾದ ತಟ್ಟೆ ಚಾಪೆಯ ಮೇಲಿಟ್ಟೆ.

ಮರುದಿನ ಗೆಳೆಯ ರಾಜೀನಾಮೆ ಕೊಟ್ಟ. ಅವನ ಹಳೆಯ ಅನುಭವದ ಮಾತನ್ನು ಕಂಪನಿಯಲ್ಲಿ ಯಾರೂ ಎತ್ತಲಿಲ್ಲ. ಕೆಲವು ತಿಂಗಳ ನಂತರ ಉಪ್ಪಲ್‌ನ ಸಣ್ಣ ಕಂಪನಿಯೊಂದಕ್ಕೆ ಹೊಸಬನೆಂದೇ ಸೇರಿದ. ಹಿರಿಯರು ಅವನನ್ನು ಆಟಕ್ಕೆ ಕರೆದದ್ದು ಹಿಡಿಯಲೋ, ಉಳಿಸಲೋ, ನಾನು ಆಣೆ ಮಾಡಿ ಹೇಳಲಾರೆ. ಹೇಳಬಲ್ಲವರು ಅವರೊಬ್ಬರೇ, ತೀರಿಕೊಂಡಿದ್ದಾರೆ.

ಕಂಡವರಲ್ಲಿ ನಾನಲ್ಲದೆ ಬದುಕಿರುವವರು ಇಬ್ಬರು: ಇವತ್ತಿಗೂ ದಾಳ ಮುಟ್ಟದ ಆ ಗೆಳೆಯ, ಮತ್ತು ಮಲ್ಕಾಜ್‌ಗಿರಿಯ ಅದೇ ಮನೆಯಲ್ಲಿರುವ ಮನೆಯೊಡತಿ.