ಇನಾಯತ್ ಚಾಚಾನ ಹಾಡು, ನಮ್ಮ ಸೇಡು

ಆಗೆಲ್ಲ ನಮ್ಮ ತೀರ್ಥಹಳ್ಳಿಯಲ್ಲಿ ಮದುವೆಯಾಗಲಿ, ಗಣಪತಿ ಕೂರಿಸುವುದಾಗಲಿ, ಮೈಕ್ ಸೆಟ್ಟಿನವರು ಬಂದು ಹಾರ್ನ್ ಕಟ್ಟದೆ ಶುರುವಾಗುತ್ತಿರಲಿಲ್ಲ. ನಮ್ಮ ಅಪ್ಪಯ್ಯನದು ಮೈಕ್ ಸೆಟ್ಟಿನ ಅಂಗಡಿ. ಶಾಲೆ ಮುಗಿದ ಕೂಡಲೇ ನಾನು ಅಲ್ಲಿ ಹಾಜರು. ಬೆಸುಗೆಯ ಹೊಗೆ, ಬಿಸಿಯಾದ ಆಂಪ್ಲಿಫೈಯರ್, ಪಕ್ಕದ ಹೋಟೆಲಿನ ಗೋಳಿಬಜೆ, ಈ ಮೂರರ ವಾಸನೆ ಒಟ್ಟಿಗೆ ಬಂದರೆ ನನಗೆ ಇವತ್ತಿಗೂ ಏಳನೇ ಕ್ಲಾಸು.

ಆ ವರ್ಷ ನಮ್ಮ ಕ್ಲಾಸಿಗೆ ಜಮೀಲಾ ಬಂದಳು. ಊರಲ್ಲಿ ಏಳುತ್ತಿದ್ದ ಕಲ್ಯಾಣ ಮಂಟಪಕ್ಕೆ ಮಾರ್ಬಲ್ ಹಾಸಲು ರಾಜಸ್ಥಾನದಿಂದ ಬಂದ ತಂಡದಲ್ಲಿ ಅವಳ ಅಪ್ಪ ಇನಾಯತ್ ಚಾಚಾ ಇದ್ದರು. ನಮ್ಮ ಅಂಗಡಿಯ ಹಿಂದಿನ ಬಾಡಿಗೆ ಕೋಣೆಯೇ ಅವರ ಮನೆ. ಮಾರ್ಬಲ್ಲಿನ ಚೂರೇ ನಮಗೆ ಕುಂಟಾಬಿಲ್ಲೆಯ ಬಿಲ್ಲೆ. ಅವಳ ಅಮ್ಮ ಮಾಡುವ ಸಜ್ಜೆ ರೊಟ್ಟಿಗೆ ಬೆಳ್ಳುಳ್ಳಿ ಖಾರ ಹಚ್ಚಿಕೊಂಡು, ಮೂಗು ಸೊರಸೊರ ಎನ್ನುತ್ತಿದ್ದರೂ ಇನ್ನೊಂದು ಕೇಳುತ್ತಿದ್ದೆ.

ಚಾಚಾ ಬಂದದ್ದು ಕಲ್ಲಿನ ಕೆಲಸಕ್ಕಾದರೂ ಅವರ ಮನೆತನದ ಕಸುಬು ಹಾಡು. ಅದನ್ನು ಅರ್ಧ ಹಿಂದಿ, ಅರ್ಧ ಹೊಸದಾಗಿ ಕಲಿತ ಕನ್ನಡದಲ್ಲಿ ನನಗೆ ಹೇಳಿದವಳು ಜಮೀಲಾ. ಮರಳುಗಾಡಿನ ಅವರ ಸೀಮೆಯಲ್ಲಿ ಹಾಡುಗಾರರ ಒಂದೊಂದು ಮನೆಗೂ ಒಂದಿಷ್ಟು ಯಜಮಾನರ ಮನೆಗಳು ಇರುತ್ತಿದ್ದವಂತೆ. ಅಲ್ಲಿ ಮಗು ಹುಟ್ಟಿದರೂ, ಮದುವೆಯಾದರೂ, ಯಾರಾದರೂ ತೀರಿಕೊಂಡರೂ ಇವರೇ ಹೋಗಿ ಹಾಡಬೇಕು. ಆ ಮನೆಯ ಹಿರಿಯರ ಹೆಸರುಗಳನ್ನೆಲ್ಲ ಅಪ್ಪನ ಬಾಯಿಂದ ಮಗ ಕಲಿಯಬೇಕು. ಒಂಟೆ ಹತ್ತಿ ದೂರ ಹೋದ ಗಂಡನಿಗೆ ಕಾಯುವ ಹಾಡು, ಬಾರದ ಮೋಡವನ್ನು ಕರೆಯುವ ಹಾಡು, ಎಲ್ಲವೂ ಹಾಗೆಯೇ ಬಂದದ್ದು. ಯಜಮಾನರೆಲ್ಲ ಪಟ್ಟಣ ಸೇರಿದ ಮೇಲೆ ಕರೆಯುವವರು ಕಡಿಮೆಯಾದರು. ಚಾಚಾ ಕಲ್ಲು ಹಾಸುವುದನ್ನು ಕಲಿತರು.

ಅವರ ಹತ್ತಿರ ಕಮಾಯ್ಚಾ ಎಂಬ ವಾದ್ಯವಿತ್ತು. ಮಾವಿನ ಮರದ ಗುಂಡನೆ ಹೊಟ್ಟೆಗೆ ಮೇಕೆಯ ಚರ್ಮ ಬಿಗಿದಿತ್ತು. ಕುದುರೆ ಕೂದಲಿನ ಕಮಾನು ಎಳೆದರೆ ಎದೆಯೊಳಗೆ ಯಾರೋ ಗುನುಗಿದ ಹಾಗೆ. ನಮ್ಮೂರಿನ ಥಂಡಿಗೆ ಚರ್ಮ ಸಡಿಲವಾಗಿ ದನಿ ಕಟ್ಟುತ್ತಿತ್ತು. ಅಮ್ಮ ಅದನ್ನು ನಮ್ಮ ಬಚ್ಚಲೊಲೆಯ ಹತ್ತಿರ ಇಟ್ಟು ಬೆಚ್ಚಗೆ ಮಾಡಿ ಕೊಡುತ್ತಿದ್ದಳು. ಚಾಚಾ ಹಾಡಿದರೆ ದನಿ ಮೇಲೇರಿ ಅಲ್ಲೇ ನಿಂತುಬಿಡುತ್ತಿತ್ತು. ಮೋಡ ಕರೆಯುವ ಹಾಡು ಕೇಳಿ ಹೋಟೆಲಿನವರು, ಇಲ್ಲಿ ಬಟ್ಟೆಯೇ ಒಣಗುತ್ತಿಲ್ಲ, ಆ ಹಾಡೊಂದು ಬೇಡ ಎಂದು ನಗುತ್ತಿದ್ದರು. ಆದರೂ ಹಾಡು ಮುಗಿಯುವ ತನಕ ಯಾರಿಗೂ ಚಹಾ ಕೊಡುತ್ತಿರಲಿಲ್ಲ.

ಒಂದು ಭಾನುವಾರ ಅಪ್ಪಯ್ಯ ಅಂಗಡಿಯ ಬಾಗಿಲು ಮುಚ್ಚಿ ಆ ಹಾಡನ್ನು ಕ್ಯಾಸೆಟ್ಟಿಗೆ ರೆಕಾರ್ಡ್ ಮಾಡಿದ. ಅದು ಆರ್ಕೆಸ್ಟ್ರಾ ಸುರೇಂದ್ರನ ಕಿವಿಗೆ ಬಿತ್ತು. ತೀರ್ಥಹಳ್ಳಿ, ಹೊಸನಗರ, ಸಾಗರ ಎಲ್ಲಿ ಗಣಪತಿ ಕೂರಿಸಿದರೂ ಅವನದೇ ಹಾಡುಗಾರಿಕೆ. ಹೊಸನಗರದ ಕಾರ್ಯಕ್ರಮದಲ್ಲಿ ಚಾಚಾನನ್ನು ಹಾಡಿಸುತ್ತೇನೆ, ಜನಕ್ಕೆ ಮೊದಲು ಸ್ವಲ್ಪ ಕ್ಯಾಸೆಟ್ ಕೇಳಿಸಿ ಆಮೇಲೆ ಅವರನ್ನು ಕರೆಯೋಣ ಎಂದು ಅಪ್ಪಯ್ಯನಿಗೆ ಮಾತು ಕೊಟ್ಟ. ಚಾಚಾ ಕೆಲಸಕ್ಕೆ ರಜೆ ಹಾಕಿ, ಜಮೀಲಾಳ ಅಜ್ಜ ಕಟ್ಟುತ್ತಿದ್ದ ಕೆಂಪು ಮುಂಡಾಸನ್ನು ಪೆಟ್ಟಿಗೆಯಿಂದ ತೆಗೆದರು.

ಹೊಸನಗರದಲ್ಲಿ ವೇದಿಕೆಯ ಪಕ್ಕ ಅಪ್ಪಯ್ಯನ ಜೊತೆ ನಾನೂ ಜಮೀಲಾಳೂ ಕೂತಿದ್ದೆವು. ಪರದೆಯ ಹಿಂದೆ ನಡೆಯುವುದೆಲ್ಲ ನಮಗೆ ಕಾಣುತ್ತಿತ್ತು. ಸುರೇಂದ್ರ ಬಂದವನೇ ಚಾಚಾನ ತಲೆಯಿಂದ ಮುಂಡಾಸನ್ನು ಕಟ್ಟಿದ ಹಾಗೇ ಎತ್ತಿ ತನ್ನ ತಲೆಗಿಟ್ಟುಕೊಂಡ. ಇಲ್ಲೇ ಇರಿ, ಕರೆಯುತ್ತೇನೆ ಎಂದು ಹೇಳಿ ವೇದಿಕೆಗೆ ಹೋದ. ತಾನೇ ಮರುಭೂಮಿಗೆ ಹೋಗಿ ವರ್ಷಗಟ್ಟಲೆ ಕಷ್ಟಪಟ್ಟು ಕಲಿತು ಬಂದ ಹಾಡು ಇದು ಎಂದ. ಕ್ಯಾಸೆಟ್ ಹಾಕುವಂತೆ ಸನ್ನೆ ಮಾಡಿದ. ಅಪ್ಪಯ್ಯ ಹಾಕಿದ. ಸುರೇಂದ್ರ ಕಣ್ಣು ಮುಚ್ಚಿ ಬಾಯಿ ಆಡಿಸತೊಡಗಿದ.

ಜನ ಶಿಳ್ಳೆ ಹೊಡೆದರು. ಅಪ್ಪಯ್ಯನ ಮುಖ ಕಪ್ಪಿಟ್ಟಿತು. ಅಷ್ಟರಲ್ಲಿ ಪೆಂಡಾಲಿನ ತುದಿಯ ಹಾರ್ನ್ ಕೈಕೊಟ್ಟಿತು. "ಅವ್ನು ಕೈ ಎತ್ತಿದ್ರೆ ಬಂದ್ ಮಾಡು" ಎಂದು ನನಗೆ ಹೇಳಿ ಅಪ್ಪಯ್ಯ ಆ ಕಡೆ ಓಡಿದ. ಪರದೆಯ ಹಿಂದೆ ಚಾಚಾ ಬರಿ ತಲೆಯಲ್ಲಿ ನಿಂತು ತಮ್ಮದೇ ದನಿಯನ್ನು ಕೇಳುತ್ತಿದ್ದರು. ಜಮೀಲಾ ನನ್ನ ಮಣಿಕಟ್ಟು ಹಿಡಿದಳು. ಉಗುರು ಚುಚ್ಚಿತು.

ಸುರೇಂದ್ರ ಕೈ ಎತ್ತಿದ. ನಾನು ನಿಲ್ಲಿಸಲಿಲ್ಲ. ಅವನು ಬಾಯಿ ಮುಚ್ಚಿ ಜನಕ್ಕೆ ಕೈ ಮುಗಿದ. ಹಾಡು ಮಾತ್ರ ಆರಾಮಾಗಿ ಮುಂದುವರಿಯಿತು. ಮೊದಲು ಮಕ್ಕಳು ನಕ್ಕರು, ಆಮೇಲೆ ಹೆಂಗಸರು. ಅವನು ನನ್ನ ಕಡೆ ತಿರುಗಿ ಕಣ್ಣು ಕೆಂಪಗೆ ಮಾಡಿದ. ನಾನು ವಾಲ್ಯೂಮಿನ ಗುಂಡಿಯನ್ನು ಕೊನೆಯ ತನಕ ತಿರುಗಿಸಿದೆ. ಹಾಡು ಮುಗಿದು, ಕ್ಯಾಸೆಟ್ಟಿನೊಳಗಿಂದ ಅಪ್ಪಯ್ಯನ ದನಿ ಬಂತು: "ಹೆಸ್ರು ಹೇಳಿ ಚಾಚಾ, ಇದ್ರಲ್ಲಿ ಇರ್ಲಿ." ಚಾಚಾ ತಮ್ಮ ಹೆಸರು, ಅಪ್ಪನ ಹೆಸರು, ಅಜ್ಜನ ಹೆಸರು, ಊರು ಎಲ್ಲವನ್ನೂ ನಿಧಾನವಾಗಿ ಹೇಳಿದ್ದು ಪೆಂಡಾಲಿನ ಎಲ್ಲ ಹಾರ್ನುಗಳಲ್ಲೂ ಕೇಳಿಸಿತು.

ಜಮೀಲಾ ಆಗಲೇ ವೇದಿಕೆ ಹತ್ತಿಯಾಗಿತ್ತು. ಅವನ ಮುಂದೆ ನಿಂತು ಕೈ ಚಾಚಿದಳು.

"ಅದು ನಮ್ಮಪ್ಪಂದು. ಕೊಡಿ."

ಅಷ್ಟು ಜನರೆದುರು ಅವನು ಬಗ್ಗಿ, ಮುಂಡಾಸು ತೆಗೆದು ಕೊಟ್ಟ. ಬೆವರಿಗೆ ಅವನ ಪೌಡರ್ ಗೆರೆಗೆರೆಯಾಗಿ ಇಳಿಯುತ್ತಿತ್ತು. ಅದನ್ನು ನೋಡಿ ನನಗಾದ ಸಂತೋಷ ಆಮೇಲೆ ಯಾವ ಬಹುಮಾನ ಬಂದಾಗಲೂ ಆಗಲಿಲ್ಲ. ಗಣಪತಿ ಸಮಿತಿಯವರು ಓಡಿ ಬಂದು ಒಂದು ಹಾಡು ಹಾಡಿ ಎಂದು ಚಾಚಾನನ್ನು ಬೇಡಿಕೊಂಡರು. ಚಾಚಾ ಮುಂಡಾಸನ್ನು ಪೂರ್ತಿ ಬಿಚ್ಚಿ, ಕೊಡವಿ, ಮತ್ತೆ ಮೊದಲಿಂದ ಸುತ್ತಿಕೊಂಡು, "ಈ ವೇದಿಕೆ ಮೇಲೆ ಬೇಡ" ಎಂದರು.

ವಾಪಸು ಬರುವಾಗ ವ್ಯಾನಿನಲ್ಲಿ ಅಪ್ಪಯ್ಯ ಕೇಳಿದ:

"ಕೈ ತಪ್ಪಿ ಆಯ್ತೇನೆ?"

"ಇಲ್ಲ. ಬೇಕು ಅಂತ್ಲೇ ಮಾಡ್ದೆ."

ಬೈಗುಳಕ್ಕೆ ಕಾದು ಕೂತೆ. "ಇನ್ಮೇಲೆ ಅವ್ನ ಪ್ರೋಗ್ರಾಮಿಗೆ ನಮ್ಮ ಸೆಟ್ ಹೋಗಲ್ಲ" ಎಂದ.

ಮಂಟಪದ ಕೆಲಸ ಮುಗಿದ ಮೇಲೆ ಚಾಚಾನ ತಂಡ ಬೇರೆ ಊರಿಗೆ ಹೋಯಿತು. ಜಮೀಲಾಳ ಸುದ್ದಿ ಮತ್ತೆ ಸಿಗಲಿಲ್ಲ. ಕ್ಯಾಸೆಟ್ಟಿಗೆ ಬೂಷ್ಟು ಹಿಡಿದು ಹಾಳಾಯಿತು. ಸುರೇಂದ್ರ ಮಾತ್ರ ಗಟ್ಟಿಯಾಗಿದ್ದಾನೆ. ಹೋದ ವರ್ಷ ಸಾಗರದಲ್ಲಿ ಅವನಿಗೆ ಸನ್ಮಾನ. ಮಲೆನಾಡಿಗೆ ಮರುಭೂಮಿಯ ಸಂಗೀತ ತಂದವರು ಎಂದು ಯಾರೋ ಹೊಗಳಿದರು. ಬೇಕೆಂದೇ ಮುಂದಿನ ಸಾಲಿನಲ್ಲಿ ಕೂತಿದ್ದ ನಾನು ಎದ್ದು ನಿಂತು, ಯಾರ ಹತ್ತಿರ ಕಲಿತದ್ದು ಎಂದು ಕೇಳಿದೆ. ಅವನು ನನ್ನನ್ನು ಗುರುತಿಸಿದ. ನೀರಿನ ಬಾಟಲಿಗೆ ಕೈ ಹಾಕಿದ. ನಾನು ಕೂರಲಿಲ್ಲ.

ಮನೆಗೆ ಬರುವಾಗ ಬಸ್ಸಿನಲ್ಲಿ ಆ ಮೋಡದ ಹಾಡನ್ನು ಗುನುಗಲು ನೋಡಿದೆ. ಮೊದಲ ಸಾಲು ಬಂತು. ಎರಡನೆಯದು ಬರಲಿಲ್ಲ. ಮೊಬೈಲಿನಲ್ಲಿ ಹುಡುಕಿದರೆ ಮರಳುಗಾಡಿನ ಹಾಡುಗಳು ರಾಶಿ ರಾಶಿ ಸಿಗುತ್ತವೆ, ಅದೊಂದು ಇಲ್ಲ. ಸುರೇಂದ್ರನ ಮುಖದ ಒಂದೊಂದು ಬೆವರ ಗೆರೆಯೂ ನನಗೆ ಇನ್ನೂ ನೆನಪಿದೆ. ಇಷ್ಟು ವರ್ಷ ಅದನ್ನೇ ಜೋಪಾನ ಮಾಡಿಕೊಂಡು ಬಂದೆ. ಚಾಚಾನ ದನಿ ಯಾವಾಗ ಹೋಯಿತೋ ಗೊತ್ತಾಗಲೇ ಇಲ್ಲ.